ದವನ ಹಾಕಿದ ಗಿಮ್ಲೆಟ್

ದವನವನ್ನು ಕುದಿಸಬಾರದು. ಕುದಿಸಿದರೆ ಕಹಿ ಬಿಡುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಆ ಕಹಿ ನಾಲಿಗೆ ಬಿಟ್ಟು ಏಳುವುದಿಲ್ಲ. ಪಾಕ ಇಳಿಸಿ, ಬೆರಳು ಅದ್ದಿದರೆ ಬಿಸಿ ತಡೆಯುವಷ್ಟು ಆರಿದ ಮೇಲೆ, ಎಳೆ ಕುಡಿಗಳನ್ನು ಅದರಲ್ಲಿ ಮುಳುಗಿಸಿ ಮುಚ್ಚಿಡಬೇಕು. ಮಾರನೆಯ ಬೆಳಿಗ್ಗೆ ಮರೆಯದೆ ತೆಗೆದುಬಿಡಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಚಾಮರಾಜಪೇಟೆಯ ಲಿಂಗವಂತರ ಮನೆಯೊಂದರಲ್ಲಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಜಿನ್ನಿಗೆ ಬೆರೆಸುವ ಪಾಕ ಮಾಡುವುದು ಹೇಗೆಂದು ಯಾವ ಅಜ್ಜಿ ತಾನೆ ಹೇಳಿಕೊಟ್ಟಾಳು? ನಾನೇ ಕಲಿತೆ. ಇವರಿಗಾಗಿ ಕಲಿತೆ.

ಇವರು ಎಂದರೆ ನನ್ನ ಗಂಡ. ಮಾವನವರು ನಾನು ಆ ಮನೆಗೆ ಕಾಲಿಡುವ ಮೊದಲೇ ಲಿಂಗೈಕ್ಯರಾಗಿದ್ದರು. ಪೇಟೆಯ ಜವಳಿ ಅಂಗಡಿ ದಾಯಾದಿಗಳ ಪಾಲಾಗಿತ್ತು. ಒಬ್ಬನೇ ಮಗನಾದ ಇವರು ಬಿ.ಎ. ಮುಗಿಸಿ ದಂಡಿನಲ್ಲಿ, ಎಂದರೆ ಕಂಟೋನ್ಮೆಂಟಿನಲ್ಲಿ, ಒಂದು ಇಂಗ್ಲಿಷ್ ಕಂಪನಿಯ ಆಫೀಸು ಸೇರಿದ್ದರು. ಮನೆಯಲ್ಲಿ ಇದ್ದವರು ನಾವು ಮೂವರೇ, ಇವರು, ನಾನು ಮತ್ತು ಅತ್ತೆ.

ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕತೆ ಕೇಳಿದವರೆಲ್ಲ ತಪ್ಪನ್ನು ಅತ್ತೆಯ ತಲೆಗೆ ಕಟ್ಟಿ ಎದ್ದು ಹೋಗುತ್ತಾರೆ. ಬೆಳಿಗ್ಗೆ ಪೂಜೆಯಾಗದೆ ಒಂದು ತೊಟ್ಟು ನೀರನ್ನೂ ಬಾಯಿಗೆ ಬಿಡದವರು. ಮಾತು ಕಡಮೆ, ಕೊಟ್ಟ ಮಾತು ಗಟ್ಟಿ. ನಾನು ತಾಯಿಯಿಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳು. ಅಲ್ಲಿ ಯಾವ ಡಬ್ಬ ಮುಟ್ಟಿದರೂ ಮಾವನ ಹೆಂಡತಿಯ ಕಣ್ಣು ನನ್ನ ಕೈಮೇಲೆ ಇರುತ್ತಿತ್ತು. ಅತ್ತೆ ಮಾತ್ರ ನಾನು ಬಂದ ವಾರದಲ್ಲೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸಿ, "ಇನ್ಮೇಲೆ ಎಲ್ಲಾ ನೀನೇ ನೋಡ್ಕೊ" ಎಂದಿದ್ದರು.

ಶ್ರಾವಣದಲ್ಲಿ ಒಂದು ಸೋಮವಾರ ನಮ್ಮ ಮನೆಗೆ ಮಠದ ಅಯ್ಯನವರು ಬರುತ್ತಿದ್ದರು. ಪಾದಪೂಜೆ, ಆಮೇಲೆ ಪ್ರಸಾದ. ನೆಂಟರಿಷ್ಟರೆಲ್ಲ ಸೇರುತ್ತಿದ್ದರು. ಆ ದಿನ ಒಲೆಯ ಮುಂದೆ ನಿಂತು ಅಡುಗೆ ಮಾಡುವವಳು ಯಾರೋ ಅವಳೇ ಆ ಮನೆಯ ಒಡತಿ. ಬಾಯಿಬಿಟ್ಟು ಯಾರೂ ಹೇಳದಿದ್ದರೂ ಬಂದವರೆಲ್ಲ ಅದನ್ನೇ ನೋಡುತ್ತಿದ್ದರು. ಮೊದಲ ವರ್ಷ ನಾನು ತರಕಾರಿ ಹೆಚ್ಚಿಕೊಟ್ಟೆ, ಕಾಯಿ ತುರಿದುಕೊಟ್ಟೆ. ಎಲ್ಲ ಮುಗಿದ ಮೇಲೆ ಅತ್ತೆ, "ಮುಂದಿನ ಶ್ರಾವಣಕ್ಕೆ ಅಡಿಗೆ ನಿಂದೇ. ನನ್ ಮಂಡೀಲಿ ಇನ್ನು ಆಗೋದಿಲ್ಲ" ಎಂದರು. ಆ ಮಾತನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಹುಟ್ಟಿದಾಗಿನಿಂದ ಯಾವ ಮನೆಯೂ ನನ್ನದಾಗಿರಲಿಲ್ಲ. ಇದು ಆಗುವುದರಲ್ಲಿತ್ತು.

ಮದುವೆಯಾಗಿ ವರ್ಷ ಕಳೆದಿದ್ದರೂ ಇವರು ನನ್ನೊಡನೆ ಆಡುತ್ತಿದ್ದ ಮಾತು ಅಷ್ಟಕ್ಕಷ್ಟೆ. ಬಿಸಿನೀರು ಆಯ್ತಾ, ಕೊಡೆ ಎಲ್ಲಿ, ಅಂಗಿಯ ಗುಂಡಿ ಕಿತ್ತುಹೋಗಿದೆ. ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಅತ್ತೆ ಮಠಕ್ಕೆ ಪುರಾಣ ಕೇಳಲು ಹೋಗಿದ್ದಾಗ, ನನ್ನನ್ನು ಮಹಡಿಯ ಕೋಣೆಗೆ ಕರೆದರು. ಟ್ರಂಕಿನ ಬೀಗ ತೆಗೆದು, ಬಟ್ಟೆಯ ಅಡಿಯಿಂದ ಒಂದು ಬಾಟಲಿ ಎತ್ತಿ ತೋರಿಸಿದರು. ಒಳಗಿದ್ದದ್ದು ನೀರಿನಷ್ಟು ತಿಳಿ.

"ನಿಂಗೊಂದು ವಿಷಯ ಹೇಳ್ತೀನಿ. ಅಮ್ಮಂಗೆ ಗೊತ್ತಾಗ್ಬಾರ್ದು," ಎಂದರು.

ಅದು ಜಿನ್ನು. ಆಫೀಸಿನಲ್ಲಿದ್ದ ದೊರೆ ಸಂಜೆಯ ಹೊತ್ತು ಇವರನ್ನು ಬಂಗಲೆಗೆ ಕರೆದು, ಅದಕ್ಕೆ ನಿಂಬೆಹಣ್ಣಿನ ಸಿಹಿ ಸಿರಪ್ಪು ಬೆರೆಸಿ ಗಿಮ್ಲೆಟ್ ಎಂದು ಕೊಡುತ್ತಿದ್ದನಂತೆ. ಬಿಳಿಯರ ರಾಜ್ಯ ಮುಗಿದು ದೊರೆ ತನ್ನ ಊರಿಗೆ ಹೊರಟುಹೋದ, ಚಟವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ಜಿನ್ನು ದಂಡಿನ ಅಂಗಡಿಗಳಲ್ಲಿ ಸಿಗುತ್ತಿತ್ತು. ವಿಲಾಯತಿಯ ಆ ಸಿರಪ್ಪು ಸಿಗುತ್ತಿರಲಿಲ್ಲ. "ನಿನ್ ಕೈ ಶರಬತ್ತು ಚೆನ್ನಾಗಿರತ್ತಲ್ಲ, ಅದನ್ನೇ ಸ್ವಲ್ಪ ಗಟ್ಟಿಯಾಗಿ ಮಾಡ್ಕೊಡ್ತೀಯಾ?" ಎಂದು ಕೇಳಿದರು. ನನ್ನ ಕೈಯ ಯಾವುದಾದರೂ ಚೆನ್ನಾಗಿದೆ ಎಂದು ಇವರು ಹೇಳಿದ್ದು ಅದೇ ಮೊದಲು.

ನನಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ. ತಾಯಿಗೂ ಹೇಳದ ಗುಟ್ಟನ್ನು ಗಂಡ ನನಗೆ ಹೇಳಿದರಲ್ಲ ಎಂದು ಹೆಮ್ಮೆಯಾಯಿತು. ಆ ಮಧ್ಯಾಹ್ನವೇ ನಮಗೆ ಮದುವೆಯಾದ ಹಾಗೆ ಅನ್ನಿಸಿತು.

ಸಕ್ಕರೆ ಆಗ ರೇಷನ್ನಿನಲ್ಲಿ ಸಿಗುತ್ತಿತ್ತು. ನಾನು ಕಾಫಿಗೆ ಬೆಲ್ಲ ಹಾಕಿಕೊಂಡು ನನ್ನ ಪಾಲಿನ ಸಕ್ಕರೆ ಉಳಿಸಿದೆ. ನಿಂಬೆಹಣ್ಣಿನ ಹಳದಿ ಸಿಪ್ಪೆಯನ್ನಷ್ಟೇ ಹೆರೆದು, ಬಿಳಿಯ ಭಾಗ ತಾಗದಂತೆ, ಸಕ್ಕರೆಯೊಡನೆ ಕೈಯಲ್ಲಿ ಚೆನ್ನಾಗಿ ಉಜ್ಜಿ ಒಂದು ದಿನ ಇಟ್ಟರೆ ಅದು ತಾನಾಗಿ ಕರಗಿ ಒದ್ದೆಯಾಗುತ್ತದೆ. ಅದಕ್ಕೆ ಒಂದಿಷ್ಟು ನೀರು, ಸಣ್ಣ ಉರಿ, ಎಳೆಪಾಕ. ರಸ ಹಿಂಡುವುದು ಪೂರ್ತಿ ಆರಿದ ಮೇಲೆ. ಇವರು ಕುಡಿದು, "ದೊರೆ ಮನೇದಕ್ಕಿಂತ ಚೆನ್ನಾಗಿದೆ, ಆದ್ರೂ ಏನೋ ಒಂದು ಕಡಮೆ" ಎಂದರು. ಆ ಏನೋ ಒಂದನ್ನು ಹುಡುಕುವುದು ನನ್ನ ಕೆಲಸವಾಯಿತು.

ದೊಡ್ಡಪತ್ರೆ ಹಾಕಿ ನೋಡಿದೆ. ತಂಬುಳಿ ಕುಡಿದ ಹಾಗಿದೆ ಎಂದರು. ಮಜ್ಜಿಗೆಹುಲ್ಲು ಹಾಕಿದೆ, ಜ್ವರ ಬಂದವರಿಗೆ ಕೊಡುವ ಕಷಾಯ ನೆನಪಾಗುತ್ತದೆ ಎಂದರು. ಪುದೀನ ಸ್ವಲ್ಪ ಒಪ್ಪಿತು, ಆದರೆ ಅದು ಎಲ್ಲವನ್ನೂ ನುಂಗಿಹಾಕಿತು. ಹಿತ್ತಲಿನ ಕಾಮಕಸ್ತೂರಿಯದು ಬಹಳ ಸಿಹಿ ವಾಸನೆ. ನಾನು ಪಾಕವನ್ನಷ್ಟೇ ಅಂಗೈಗೆ ಬಿಟ್ಟು ರುಚಿ ನೋಡುತ್ತಿದ್ದೆ. ಜಿನ್ನಿನ ಒಂದು ಹನಿಯೂ ನನ್ನ ಬಾಯಿಗೆ ಹೋಗಿಲ್ಲ, ಅದರ ರುಚಿ ಹೇಗೆಂದು ಇವತ್ತಿಗೂ ತಿಳಿಯದು. ಮೂಸಿ ನೋಡಿದ್ದೇನೆ, ಅಷ್ಟೆ. ಗ್ರಂಧಿಗೆ ಅಂಗಡಿಯ ಮುಂದೆ ಹಾದುಹೋದರೆ ಬರುವಂಥ ವಾಸನೆ, ಬೇರು, ತೊಗಟೆ, ಕಾಯಿಗಳದ್ದು.

ಚಳಿ ಕಳೆದು ದವನ ಬರುವ ಕಾಲವಾಯಿತು. ಹೂವಿನವಳು ಬಾಗಿಲಿಗೆ ತಂದ ದವನದಲ್ಲಿ ಪೂಜೆಗೆ ಬೇಕಾದಷ್ಟು ತೆಗೆದಿಟ್ಟು, ಒಂದು ಎಸಳನ್ನು ಮುಡಿಗೆ ಸಿಕ್ಕಿಸಿಕೊಂಡು, ಉಳಿದ ಕುಡಿಯನ್ನು ಬೆರಳಲ್ಲಿ ಹೊಸಕಿ ಮೂಸಿದೆ. ಇದೇ ಎನ್ನಿಸಿತು. ಪೂಜೆಗೆ ಏರಿಸಿದ್ದನ್ನು ಮುಟ್ಟಲಿಲ್ಲ, ಅಷ್ಟು ಬುದ್ಧಿ ನನಗಿತ್ತು. ಮೊದಲ ಸಲ ಕುದಿಸಿ ಕೆಡಿಸಿದೆ. ಎರಡನೆಯ ಸಲ ಆರಿದ ಪಾಕಕ್ಕೆ ಹಾಕಿದೆ. ಒದ್ದೆ ಮರಳಿನಲ್ಲಿ ಕೂರಿಸಿದ ಹೂಜಿಯ ಪಕ್ಕದಲ್ಲಿ ಲೋಟ ತಣ್ಣಗಾಗಿತ್ತು. ಇವರು ಜಿನ್ನು ಸುರಿದು, ನನ್ನ ಪಾಕ ಬೆರೆಸಿ, ಮೇಲೊಂದು ದವನದ ಎಸಳು ತೇಲಿಬಿಟ್ಟು ಕುಡಿದರು. ಆಮೇಲೆ ನನ್ನ ಮುಖ ನೋಡಿ, "ಎಲ್ಲಿ ಕಲ್ತೆ ಇದನ್ನ?" ಎಂದರು. ನನಗೆ ಆಗ ಆದ ಸಂತೋಷವನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಒಂದು ವಿಷಯ ಮಾತ್ರ ನನಗೆ ಸರಿಬರುತ್ತಿರಲಿಲ್ಲ. ಕುಡಿಯುವ ಮೊದಲು ಇವರು ತಮ್ಮ ಕೊರಳಿನ ಕರಡಿಗೆ ತೆಗೆದು ನನಗೆ ಕೊಡುತ್ತಿದ್ದರು. ಕರಡಿಗೆ ಎಂದರೆ ನಾವು ಇಷ್ಟಲಿಂಗವನ್ನು ಇಟ್ಟು ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ. ಅದು ಮೈಮೇಲಿಂದ ಇಳಿಯಬಾರದು, ಗಂಡಸಿಗಾಗಲಿ ಹೆಂಗಸಿಗಾಗಲಿ. ನಾನು ಹಾಗೆಂದಾಗ ಇವರ ಬಿ.ಎ. ಕೆಲಸಕ್ಕೆ ಬಂತು. "ಕುಡಿಯೋ ಮೈಮೇಲೆ ಇರೋದು ತಪ್ಪಲ್ವಾ? ಗಂಡ ಹೆಂಡತಿ ಒಂದೇ ದೇಹ. ನೀನು ಹಾಕ್ಕೊಂಡ್ರೆ ಅದು ಇಳಿಸಿದ ಹಾಗಾಗೋಲ್ಲ," ಎಂದರು. ನಾನು ಒಪ್ಪಿಕೊಂಡೆ. ಭಾನುವಾರದ ಮಧ್ಯಾಹ್ನಗಳಲ್ಲಿ ಎರಡು ಕರಡಿಗೆ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿರುತ್ತಿದ್ದೆ. ಇವರು ಆಫೀಸಿನ ಸುದ್ದಿ ಹೇಳುತ್ತಿದ್ದರು, ನಗಿಸುತ್ತಿದ್ದರು. ನನ್ನ ಕೊರಳಿನಲ್ಲಿ ಇವರ ಲಿಂಗದ ಭಾರ ಇರುತ್ತಿತ್ತು. ಇಷ್ಟು ನಂಬಿಕೆ ಯಾವ ಗಂಡ ಯಾವ ಹೆಂಡತಿಯ ಮೇಲೆ ಇಟ್ಟಾನು ಎಂದುಕೊಳ್ಳುತ್ತಿದ್ದೆ.

ಬೇಸಗೆ ಏರಿತು. ಅತ್ತೆ ಮಹಡಿಯ ಬಿಸಿಲಿಗೆ ಸಂಡಿಗೆ ಹಾಕಿಸಿದ್ದರು. ಆ ಭಾನುವಾರ ಪುರಾಣ ಹೇಳುವವರ ಗಂಟಲು ಕಟ್ಟಿ ಪುರಾಣ ನಿಂತುಹೋಯಿತಂತೆ. ಅತ್ತೆ ಬೇಗ ಬಂದರು. ಬರುವಾಗ ಗವಿಪುರದ ಕಡೆ ಮೋಡ ಕಪ್ಪಗೆ ಕಟ್ಟಿದ್ದನ್ನು ನೋಡಿ, ಸಂಡಿಗೆ ನೆನೆಯುತ್ತದೆಂದು, ಮಂಡಿ ನೋವಿಗೆ ಎಂದೂ ಹತ್ತದ ಮೆಟ್ಟಲು ಹತ್ತಿ ಮೇಲೆ ಬಂದರು. ಕೋಣೆಯ ಬಾಗಿಲು ತೆರೆದೇ ಇತ್ತು.

ಅವರು ಏನು ಕಂಡರೆಂದು ನನಗೆ ಚೆನ್ನಾಗಿ ಗೊತ್ತು, ಅದೆಷ್ಟೋ ಸಲ ಅವರ ಜಾಗದಲ್ಲಿ ನಿಂತು ನೋಡಿದ್ದೇನೆ. ಮಗನ ಕೈಯಲ್ಲಿ ಹಸಿರು ಎಸಳು ತೇಲುವ ಲೋಟ. ಮಗನ ಎದೆಯ ಮೇಲೆ ಲಿಂಗವಿಲ್ಲ. ಸೊಸೆಯ ಕೊರಳಲ್ಲಿ ಎರಡು. ಅವಳ ಮುಂದೆ ಸೊಪ್ಪು ಮುಳುಗಿಸಿದ ಪಾಕದ ಭರಣಿ. ಮಗನ ಕಣ್ಣು ಕೆಂಪಗೆ, ಮುಖದಲ್ಲಿ ಮಂಕು ನಗು. ಬಾಟಲಿ ಕಾಣುವ ಹಾಗಿರಲಿಲ್ಲ. ಸುರಿದುಕೊಂಡ ಕೂಡಲೇ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುವುದು ಇವರ ಪದ್ಧತಿ.

ಅತ್ತೆ ಲೋಟ ತೆಗೆದುಕೊಂಡು ಮೂಸಿದರು. ಹೆಂಡ ಸಾರಾಯಿಯ ಹತ್ತಿರ ಸುಳಿದವರೇ ಅಲ್ಲ ಅವರು, ಜಿನ್ನಿನ ವಾಸನೆ ಅವರಿಗೆ ಯಾವುದೋ ಬೇರಿನದಾಗಿ ಕಂಡಿತು. ಮಿಕ್ಕಿದ್ದು ನಿಂಬೆ, ದವನ. ಅದೇ ದವನ ನನ್ನ ಮುಡಿಯಲ್ಲೂ ಇತ್ತು.

"ಏನ್ ಮದ್ದು ಹಾಕ್ದೆ ನನ್ ಮಗನಿಗೆ?" ಎಂದರು.

ಗಂಡನನ್ನು ಹಿಡಿತದಲ್ಲಿಟ್ಟುಕೊಳ್ಳಲು ಹೆಂಡತಿ ಊಟದಲ್ಲೋ ಪಾನಕದಲ್ಲೋ ಮದ್ದು ಬೆರೆಸುತ್ತಾಳೆ ಎಂಬ ನಂಬಿಕೆ ಆಗ ಮನೆಮನೆಯಲ್ಲೂ ಇತ್ತು. ಯಾರದೋ ಮಗ ತಾಯಿಯ ಮಾತು ಕೇಳದೆ ಹೋದರೆ, ಯಾರದೋ ಮಗ ಬೇರೆ ಮನೆ ಮಾಡಿದರೆ, ಸೊಸೆ ಮದ್ದು ಹಾಕಿದಳು ಎನ್ನುತ್ತಿದ್ದರು. ಆ ಹೆಸರು ಒಮ್ಮೆ ಬಂದರೆ ಅವಳ ಕೈಯ ನೀರು ಕುಡಿಯಲೂ ಜನ ಹಿಂದೆಮುಂದೆ ನೋಡುತ್ತಿದ್ದರು. ನಾನು ಹೆದರಲಿಲ್ಲ. ಇವರು ಪಕ್ಕದಲ್ಲೇ ಇದ್ದರಲ್ಲ. ಇವರ ಮುಖ ನೋಡಿದೆ.

ಇವರು ತಾಯಿಯನ್ನು ನೋಡಿದರು, ಲೋಟವನ್ನು ನೋಡಿದರು. ದಾರಿ ಸಿಕ್ಕಿದ್ದು ಮುಖದಲ್ಲೇ ಕಾಣಿಸಿತು.

"ಗೊತ್ತಿಲ್ಲಮ್ಮ. ಪಾನಕ ಅಂತ ಕೊಟ್ಲು, ಕುಡ್ದೆ," ಎಂದರು. ಅತ್ತೆ ಬರಿದಾದ ಎದೆಯ ಕಡೆ ಬೆರಳು ತೋರಿಸಿದಾಗ, ಆಗಷ್ಟೇ ಅದನ್ನು ಕಂಡವರಂತೆ ಕೈಯಾಡಿಸಿಕೊಂಡು, "ಯಾವಾಗ ತೆಗೆದ್ಲೋ ಗೊತ್ತೇ ಆಗ್ಲಿಲ್ಲ," ಎಂದರು.

ನಾನು ಬಾಯಿಮುಚ್ಚಿ ಕೂರಲಿಲ್ಲ. ಅತ್ತೆಗೆ ಎಲ್ಲ ಹೇಳಿದೆ. ಇದು ದಂಡಿನ ಸಾರಾಯಿ, ಬಾಟಲಿ ಟ್ರಂಕಿನಲ್ಲಿದೆ, ಬೀಗದ ಕೈ ಇವರ ಸೊಂಟದ ಉಡಿದಾರದಲ್ಲೇ ಇರುತ್ತದೆ, ತೆಗೆಸಿ ನೋಡಿ ಎಂದೆ. ಅತ್ತೆ ಮಗನ ಕಡೆ ತಿರುಗಿದರು. ಇವರು ಕಣ್ಣಲ್ಲಿ ನೀರು ತಂದುಕೊಂಡು, "ಅಮ್ಮ, ನೀನೇ ಹೇಳು. ನಾನು ಕುಡಿಯೋನಾ?" ಎಂದರು. ಅಲ್ಲಿಗೆ ಮುಗಿಯಿತು. ಬೀಗ ತೆಗೆಸಿದ್ದರೆ ಮಗನ ಮೇಲೆ ಅನುಮಾನ ಪಟ್ಟ ಹಾಗಾಗುತ್ತಿತ್ತು. ಅತ್ತೆ ತೆಗೆಸಲಿಲ್ಲ. ನನ್ನ ಕೊರಳಿನಿಂದ ಇವರ ಲಿಂಗವನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮಗನ ಕೈಹಿಡಿದು ಕೆಳಗೆ ಕರೆದುಕೊಂಡು ಹೋದರು. ಮಳೆ ಬಂತು. ಸಂಡಿಗೆಯನ್ನು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ, ಅತ್ತೆ ಪೂಜೆಯಲ್ಲಿದ್ದಾಗ, ನಡುಮನೆಯಲ್ಲಿ ಇವರನ್ನು ಅಡ್ಡಗಟ್ಟಿದೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಜಗಳಕ್ಕೆ ಸಿದ್ಧಳಾಗಿದ್ದೆ. ಇವರು ಮೆತ್ತಗೆ, ಮಗುವಿಗೆ ಹೇಳುವಂತೆ ಹೇಳಿದರು.

"ನೋಡು, ನಾನು ಕುಡೀತೀನಿ ಅಂದ್ರೆ ಅಮ್ಮ ಎದೆ ಒಡ್ಕೊಂಡು ಸತ್ತೋಗ್ತಾರೆ. ನೀನು ಸೊಸೆ. ಸೊಸೇನ ಯಾರಾದ್ರೂ ಏನಾದ್ರೂ ಅಂದೇ ಅಂತಾರೆ. ನಿಂಗೆ ಹೊಸದಾಗಿ ಏನ್ ನಷ್ಟ ಆಯ್ತು?"

ನಾನು ಶ್ರಾವಣ ಎಂದೆ. ಅಯ್ಯನವರ ಅಡುಗೆ ಎಂದೆ. ಇವರಿಗೆ ಅರ್ಥವೇ ಆಗಲಿಲ್ಲ. "ಒಂದ್ ದಿನದ ಅಡಿಗೆಗೆ ಇಷ್ಟೊಂದಾ?" ಎಂದು ಕೊಡೆ ತೆಗೆದುಕೊಂಡು ಆಫೀಸಿಗೆ ಹೋದರು. ಬಾಟಲಿ ಕಾಗದ ಸುತ್ತಿಕೊಂಡು ಇವರ ಚೀಲದಲ್ಲೇ ಹೋಯಿತು.

ಆ ವಾರವೇ ಅತ್ತೆ ಮಗನಿಗೆ ಮದ್ದು ತೆಗೆಸಲು ಹೊರಟರು. ಗವಿಪುರದಾಚೆ, ತೋಟಗಳ ಕಡೆ, ಅದನ್ನು ತೆಗೆಯುವವನೊಬ್ಬನಿದ್ದ. ಹಾಕಿದವಳೂ ಎದುರಿಗಿರಬೇಕಂತೆ, ನನ್ನನ್ನೂ ಜಟಕಾದಲ್ಲಿ ಕೂರಿಸಿದರು. ದಾರಿಯಲ್ಲಾದರೂ ಇವರು ಬಾಯಿ ಬಿಟ್ಟಾರು ಎಂದುಕೊಂಡೆ. ಬಿ.ಎ. ಓದಿದ ಮನುಷ್ಯ, ದೊರೆಯ ಜೊತೆ ಇಂಗ್ಲಿಷು ಮಾತಾಡಿದವರು, ಆ ಮದ್ದು ತೆಗೆಯುವವನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅವನು ಕೊಟ್ಟ ಹಸಿರು ರಸವನ್ನು ಗಟಗಟನೆ ಕುಡಿದರು. ಕರುಳು ಬಾಯಿಗೆ ಬರುವ ಹಾಗೆ ಕಾರಿಕೊಂಡರು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಅವನು ಕಡ್ಡಿಯಿಂದ ಕೆದಕಿ, ಕಪ್ಪಗಿನ ಒಂದು ಗಂಟನ್ನು ಎಲೆಯ ಮೇಲೆ ತೆಗೆದಿಟ್ಟು, "ನೋಡ್ರಮ್ಮ, ಬಂತು," ಎಂದ. ಅದು ಅವನ ಬೆರಳ ಸಂದಿಯಿಂದ ಬಂದದ್ದನ್ನು ನಾನು ಕಂಡೆ. ಇವರೂ ಕಂಡರು, ಏಕೆಂದರೆ ಆ ಕ್ಷಣ ಇವರ ಕಣ್ಣು ಅಲ್ಲೇ ಇತ್ತು.

ಇವರು ಬಾಯಿ ಒರೆಸಿಕೊಂಡು, "ಈಗ ಹಗುರ ಆಯ್ತಮ್ಮ," ಎಂದರು.

ಅತ್ತೆ ಅತ್ತರು. ನಾನು ಅಳಲಿಲ್ಲ. ಎಷ್ಟು ಕಷ್ಟಪಟ್ಟಾದರೂ, ಹೊಟ್ಟೆಯೊಳಗಿನದೆಲ್ಲವನ್ನೂ ಹೊರಗೆ ಹಾಕಿಯಾದರೂ, ಆ ಒಂದು ನಿಜವನ್ನು ಮಾತ್ರ ಒಳಗೇ ಇಟ್ಟುಕೊಳ್ಳುತ್ತಾರಲ್ಲ ಈ ಮನುಷ್ಯ ಎಂದು ನೋಡುತ್ತ ನಿಂತೆ.

ಶ್ರಾವಣ ಬಂತು. ಅತ್ತೆ ಊರುಗೋಲು ಹಿಡಿದುಕೊಂಡೇ ಒಲೆಯ ಮುಂದೆ ನಿಂತರು. ನನ್ನನ್ನು ತರಕಾರಿ ಹೆಚ್ಚುವುದಕ್ಕೂ ಕರೆಯಲಿಲ್ಲ. ನಮ್ಮ ಮನೆಯಲ್ಲಿ ಮುಟ್ಟಿನ ದಿನ ಹೊರಗೆ ಕೂರುವ ಪದ್ಧತಿ ಇರಲಿಲ್ಲ, ಬಂದವರಿಗೆ ಆ ನೆಪವನ್ನಾದರೂ ಹೇಳೋಣವೆಂದರೆ. ಹಿತ್ತಲ ಜಗಲಿಯ ಮೇಲೆ ಕೂತಿದ್ದೆ. ನೆಂಟರ ಹೆಂಗಸರು ಒಬ್ಬೊಬ್ಬರಾಗಿ ನೀರಿನ ನೆಪದಲ್ಲಿ ಬಂದು ನನ್ನನ್ನು ನೋಡಿಕೊಂಡು ಹೋದರು.

ಮಿಕ್ಕ ದಿನಗಳಲ್ಲಿ ಅಡುಗೆ ನಾನೇ ಮಾಡುತ್ತಿದ್ದೆ, ಬೇರೆ ಯಾರಿದ್ದರು? ಆದರೆ ಇವರಿಗೆ ಬಡಿಸಿದ ಕೂಡಲೇ ಅತ್ತೆ ಬಂದು, ಸಾರು ಕಲಸಿದ ಅನ್ನದಲ್ಲಿ ಒಂದು ತುತ್ತನ್ನು ತಾವು ತಿಂದು, ಸ್ವಲ್ಪ ಹೊತ್ತು ನಿಂತು, ಆಮೇಲೆ "ಊಟ ಮಾಡಪ್ಪ" ಎನ್ನುತ್ತಿದ್ದರು. ವರ್ಷಗಟ್ಟಲೆ ಹೀಗೆ ನಡೆಯಿತು. ಅದರಲ್ಲಿ ಮದ್ದಿದೆ ಎಂದು ನಂಬಿಯೇ ಅವರು ತಿನ್ನುತ್ತಿದ್ದರು, ಮಗನಿಗಿಂತ ಮೊದಲು ತಮಗೇ ಆಗಲಿ ಎಂದು. ಅವರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಸುಮ್ಮನೆ ಅದನ್ನು ನೋಡುತ್ತ ಕೂತು, ತಾಯಿ ತಿಂದಾದ ಮೇಲೆ ಕೈಹಾಕಿ ಉಣ್ಣುತ್ತಿದ್ದವರ ಮೇಲೆ ಬರುತ್ತಿತ್ತು.

ಕುಡಿಯುವುದನ್ನು ಇವರು ಬಿಡಲಿಲ್ಲ, ಜಾಗ ಬದಲಾಯಿಸಿದರು. ನಮಗೆ ಮಗ ಹುಟ್ಟಿದ ಮೇಲೆ ಒಮ್ಮೆ ಕುಮಾರ ಪಾರ್ಕಿನಲ್ಲಿದ್ದ ಇವರ ಆಫೀಸಿನ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಗಂಡಸರು ವರಾಂಡದಲ್ಲಿ ಕೂತಿದ್ದರು. ಮನೆಯಾಕೆ ಒಳಗೆ ಪಾಕ ಆರಿಸುತ್ತ, ದವನದ ಕುಡಿ ಬಿಡಿಸುತ್ತ, "ನಿಮ್ಮೆಜಮಾನ್ರೇ ಕಂಡುಹಿಡಿದಿದ್ದಂತಲ್ಲ ಇದು. ಕುದಿಸ್ಬಾರ್ದು ಅಂತ ಎಷ್ಟ್ ಸಲ ಹೇಳ್ಕೊಟ್ರು," ಎಂದರು. ನಾನು ಹೌದು ಎಂದೆ. ಇಲ್ಲ ಅಂದರೆ ಎಲ್ಲಿಂದ ಹೇಳಲು ಶುರುಮಾಡಬೇಕಿತ್ತು?

ಮಗ ಅಂಬೆಗಾಲಿಡುತ್ತಿದ್ದ ವರ್ಷ, ಶ್ರಾವಣಕ್ಕೆ ಸ್ವಲ್ಪ ಮುಂಚೆ, ಅತ್ತೆ ಒಂದು ಬೆಳಿಗ್ಗೆ ನನ್ನನ್ನು ನಡುಮನೆಗೆ ಕರೆದರು. ಇವರು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಅತ್ತೆ ಬಹಳ ದಿನಗಳಿಂದ ಯೋಚಿಸಿದ್ದವರಂತೆ ನಿಧಾನವಾಗಿ ಮಾತಾಡಿದರು.

"ಈ ಸಲ ಅಯ್ನೋರ ಅಡಿಗೆ ನೀನೇ ಮಾಡು. ಆಗಿದ್ದು ಆಗ್ಹೋಯ್ತು. ತಾಯಿ ಇಲ್ದೆ ಬೆಳ್ದೋಳು, ಗಂಡ ಎಲ್ಲಿ ಕೈತಪ್ತಾನೋ ಅನ್ನೋ ಭಯಕ್ಕೆ ಮಾಡ್ಬಿಟ್ಟಿದೀಯ. ನಾನು ಕ್ಷಮಿಸಿದೀನಿ. ಇನ್ಮೇಲೆ ಅದನ್ನ ಯಾರೂ ಎತ್ಬಾರ್ದು."

ನಾನು ಇವರ ಕಡೆ ನೋಡಿದೆ. ಈಗ ಹೇಳಬಹುದಿತ್ತು. ಅತ್ತೆಯ ಮನಸ್ಸು ಮೆತ್ತಗಾಗಿತ್ತು, ಮನೆಗೆ ಮೊಮ್ಮಗ ಬಂದಿದ್ದ, ಯಾರ ಎದೆಯೂ ಒಡೆಯುತ್ತಿರಲಿಲ್ಲ. ಇವರು ಪೇಪರನ್ನು ತೊಡೆಯ ಮೇಲೆ ಇಳಿಸಿದರು.

"ಅಮ್ಮಂದು ದೊಡ್ಡ ಮನಸ್ಸು," ಎಂದರು ನನಗೆ. "ಕಾಲಿಗೆ ಬೀಳು."

ಬಿದ್ದೆ. ಅತ್ತೆ ನಿಜವಾದ ಪ್ರೀತಿಯಿಂದ ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಎದ್ದು ನಿಲ್ಲುವಷ್ಟರಲ್ಲಿ ಇವರು ಪುಟ ತಿರುವಿ ಓದಲು ತೊಡಗಿದ್ದರು.